ನೀರು ಹಾಕದೆ ಅಳೆದ ನೆಲ

"ಲೈಸೆನ್ಸ್ ಅಂದ್ರ ಆಸ್ತಿ ಅಲ್ರಿ ಮೇಡಂ. ವಾರಸಾ ಬರಂಗಿಲ್ಲ," ಎಂದರು ಜಿಲ್ಲಾ ಕಚೇರಿಯ ಅಧಿಕಾರಿ. ಮಾತಿನಲ್ಲಿ ಒರಟುತನವಿರಲಿಲ್ಲ. ಎದುರಿಗೆ ಕೂತ ಮುದುಕಿ ಅತ್ತುಬಿಟ್ಟಾಳು ಎಂಬ ಅಂಜಿಕೆಯಿಂದಲೋ ಏನೋ, ಟೇಬಲ್ ಮೇಲಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ನಾನು ಅಳಲಿಲ್ಲ. ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನಮ್ಮವರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ತೋರಿಸಿದಲ್ಲೆಲ್ಲ ಹೆಸರು ಬದಲಾಗಿತ್ತು. ಮನೆ ನನ್ನ ಹೆಸರಿಗೆ ಬಂತು, ಗ್ಯಾಸ್ ಬಂತು, ಓಡಿಸಲು ಬಾರದ ಸ್ಕೂಟರ್ ಕೂಡ ಬಂತು. ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಮಾತ್ರ ಅವರ ಜೊತೆಗೇ ಹೋಗಿಬಿಟ್ಟಿತ್ತು.

ಇದರ ಅರ್ಥವೇನೆಂದು ಓದುಗರಿಗೆ ಹೇಳಬೇಕು. ದೊಡ್ಡ ಕಟ್ಟಡದ ವೈರಿಂಗ್ ಯಾರು ಬೇಕಾದರೂ ಮಾಡುವಂತಿಲ್ಲ. ಲೈಸೆನ್ಸ್ ಇದ್ದವರೇ ಮಾಡಬೇಕು, ಮುಗಿದ ಮೇಲೆ ಅಳತೆ ಮಾಡಿ, "ಇದು ಸುರಕ್ಷಿತ" ಎಂದು ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಕು. ಆ ಸಹಿ ಬಿದ್ದ ಮೇಲೆಯೇ ಕರೆಂಟ್. ಲೈಸೆನ್ಸ್ ಇಲ್ಲದೆ ಹೋದರೆ ಸಿಂಧನೂರಿನ ನಮ್ಮ ಅಂಗಡಿ ವೈರು ಪೈಪು ಪೇರಿಸಿಟ್ಟ ಗೋದಾಮು ಅಷ್ಟೇ. ನಮ್ಮನ್ನೇ ನಂಬಿಕೊಂಡಿದ್ದ ವೈರ್‌ಮನ್‌ಗಳಿದ್ದರು. ಮಸ್ಕಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕೆಲಸ ಅರ್ಧಕ್ಕೆ ನಿಂತಿತ್ತು. ಗೋಡೆಯೊಳಗಿನ ಪೈಪಿನಲ್ಲಿ ವೈರ್ ಎಳೆದಾಗಿತ್ತು, ಬೋರ್ಡ್ ಕೂಡಿಸಿರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳು ಬಂದು ಸೇರಬೇಕಿತ್ತು.

ರಾಯಚೂರಿನಿಂದ ತಿರುಗಿ ಬಂದು ಅಂಗಡಿಯ ಬೋರ್ಡ್ ಇಳಿಸಲು ಹೇಳಿದೆ. ನಮ್ಮವರ ಜೊತೆ ಕೆಲಸ ಮಾಡುತ್ತಲೇ ತಲೆ ನರೆತಿದ್ದ ಹಿರಿಯ ವೈರ್‌ಮನ್, ನಮ್ಮೆಲ್ಲರ ಬಾಯಲ್ಲಿ 'ಮೇಸ್ತ್ರಿ', ಏಣಿ ಮುಟ್ಟಲೇ ಇಲ್ಲ.

"ಬೋರ್ಡ್ ಯಾಕ ಇಳಸ್ತೀರಿ ಅವ್ವಾರ? ಸಾಹೇಬ್ರ ಹೆಸರು ಇನ್ನಾ ಹತ್ತು ವರ್ಷ ನಡೀತೈತಿ."

"ಸಾಹೇಬ್ರೇ ಇಲ್ಲಲ್ಲೋ ಮಾರಾಯ."

"ಸೀಲ್ ಐತಲ್ರಿ!"

ನನಗೆ ನಗು ಬಂತು. ಅವನು ತಮಾಷೆಗೆ ಹೇಳಿರಲಿಲ್ಲ. ನಮ್ಮ ಕಡೆ ಅದು ನಡೆಯುತ್ತದೆ. ಮನುಷ್ಯ ಹೋಗಿರುತ್ತಾನೆ, ಅವನ ಸೀಲು ಊರೂರು ತಿರುಗಿ ಕೆಲಸ ಮಾಡುತ್ತಿರುತ್ತದೆ.

ಮರುವಾರ ಲಿಂಗಸುಗೂರಿನಿಂದ ನಮ್ಮವರ ಹಳೆಯ ಗೆಳೆಯರು ಬಂದರು. ಅವರೂ ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರ್. ಧಾರಾಳ ಮನುಷ್ಯ, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವರು, ನನ್ನನ್ನು ಅತ್ತಿಗೆಯೆಂದೇ ಕರೆಯುವವರು. ಚಹಾ ಕುಡಿದು ನೇರವಾಗಿ ಮಾತಿಗೆ ಬಂದರು.

"ವೈನಿ, ನೀವು ಕೆಲಸ ಮುಗಸ್ರಿ, ರಿಪೋರ್ಟ್ ನಾ ಕೊಡ್ತೀನಿ. ನನ್ನ ಸೀಲ್, ನನ್ನ ಸಹಿ. ನೀವೇನೂ ಫಿಕರ್ ಮಾಡಬ್ಯಾಡ್ರಿ."

"ಸೈಟ್ ನೋಡಾಕ ಬರ್ತೀರೇನು?"

"ನೋಡೋದೇನೈತ್ರಿ ಅದರಾಗ? ನಿಮ್ಮ ಮೇಸ್ತ್ರಿ ನೋಡ್ಯಾನಲ್ಲ."

"ನಾಳೆ ಏನರ ಹೆಚ್ಚುಕಮ್ಮಿ ಆದ್ರ?"

"ನಾ ಅದೀನಲ್ಲ!"

"ನೀವು ಲಿಂಗಸುಗೂರಿನಾಗ ಇರ್ತೀರಿ. ಕರೆಂಟ್ ಮಸ್ಕಿಯಾಗ ಹರೀತಿರ್ತದ."

ಅವರು ಜೋರಾಗಿ ನಕ್ಕರು. "ನಿಮ್ಮ ಕಾನ್ವೆಂಟ್ ಬುದ್ಧಿ ಇನ್ನಾ ಹೋಗಿಲ್ಲ ನೋಡ್ರಿ."

ಟು ಬಿ ಫೇರ್, ಅವರು ಕೊಡಲು ಬಂದದ್ದು ಸಹಾಯವೇ. ಅವರು ಹೋದ ಮೇಲೆ ನಾನು ಅಂಗಡಿಯಲ್ಲೇ ಬಹಳ ಹೊತ್ತು ಕೂತಿದ್ದೆ. ಮದುವೆಯಾಗಿ ಈ ಊರಿಗೆ ಬಂದಾಗ ಸಂಜೆ ನಮ್ಮವರು ಸೈಟಿನಿಂದ ಬರುವುದನ್ನೇ ಕಾಯುತ್ತಿದ್ದೆ. ಶರ್ಟಿನ ಜೇಬಿನಲ್ಲಿ ಟೆಸ್ಟರ್, ಕೂದಲಲ್ಲಿ ಗೋಡೆ ಕೊರೆದ ಧೂಳು. ಊಟಕ್ಕೆ ಕೂತು ಅಂದಿನ ಕೆಲಸವನ್ನು ಹೇಳುವರು, ನಾನು ಅರ್ಧ ಕೇಳಿ ಅರ್ಧ ಬಿಡುವೆ. ಆ ಬಿಟ್ಟ ಅರ್ಧ ಈಗ ಬೇಕಾಗಿತ್ತು. ಆದರೂ ಒಂದು ವಿಷಯ ಸ್ಪಷ್ಟವಿತ್ತು. ಬೇರೆಯವರ ಸೀಲಿನ ಕೆಳಗೆ ಅಂಗಡಿ ನಡೆಸುವುದಾದರೆ ಬಾಗಿಲು ಹಾಕುವುದೇ ಲೇಸು. ನಡೆಸುವುದಾದರೆ ಲೈಸೆನ್ಸ್ ನನ್ನ ಹೆಸರಿನಲ್ಲೇ ಇರಬೇಕು.

ಮತ್ತೆ ರಾಯಚೂರಿಗೆ ಹೋದೆ. "ಅಪ್ಪರ್ ಏಜ್ ಲಿಮಿಟ್ ಏನಾದರೂ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಧೈರ್ಯ ಸಾಲದ ಹೊತ್ತಿನಲ್ಲಿ ಇಂಗ್ಲಿಷ್ ನನಗೆ ಊರುಗೋಲು. ಅಧಿಕಾರಿ ಮುಗುಳ್ನಕ್ಕರು. "ವಯಸ್ಸಿನ ಚಿಂತಿ ಬಿಡ್ರಿ. ನಿಮಗ ಟೆಕ್ನಿಕಲ್ ಓದಿಲ್ಲ. ಪರ್ಮಿಟ್ ಇದ್ದ ಸೂಪರ್‌ವೈಸರ್ ಬೇಕು. ಫುಲ್ ಟೈಮ್. ಅವರು ಬ್ಯಾರೆ ಯಾವ ಕಾಂಟ್ರ್ಯಾಕ್ಟರ್ ಹತ್ರಾನೂ ಇರಬಾರದು. ಮ್ಯಾಲ ಟೆಸ್ಟಿಂಗ್ ಸಾಮಾನು ಪೂರಾ ಇರಬೇಕು. ನಾವು ಬಂದು ನೋಡ್ತೀವಿ."

ಸೂಪರ್‌ವೈಸರ್ ಪರ್ಮಿಟ್ ನಮ್ಮವರಿಗೇ ಇತ್ತು. ಹಾಗಾಗಿ ಎರಡನೆಯವರನ್ನು ನಾವು ಎಂದೂ ಹುಡುಕಿರಲಿಲ್ಲ. ಸಾಲಗುಂದದಲ್ಲಿ, ಡಿಪ್ಲೊಮಾ ಓದಿ ಪರ್ಮಿಟ್ ಪರೀಕ್ಷೆ ಪಾಸಾದ ಹುಡುಗಿಯೊಬ್ಬಳಿದ್ದಾಳೆ ಎಂದು ಮೇಸ್ತ್ರಿಯೇ ಸುದ್ದಿ ತಂದ. ಆಕೆ ಸಿಕ್ಕಿದ್ದು ಸಿಂಧನೂರಿನ ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ. ತಂದೆ ಶಾಲಾ ಮಾಸ್ತರು. ಮೊದಲ ದಿನ ಮನೆಗೆ ಕರೆದುಕೊಂಡು ಹೋದಳು. ಹೊರಕೋಣೆಯ ಬುದ್ಧನ ಪಟದ ಕೆಳಗೆ ಅವಳ ಡಿಪ್ಲೊಮಾ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು.

"ಪರ್ಮಿಟ್ ಇಟಗೊಂಡು ಸೀರಿ ಅಂಗಡ್ಯಾಗ ಯಾಕವ್ವ?" ಎಂದೆ.

"ಪರ್ಮಿಟ್ ಕೆಲಸಕ್ಕ ಹೋಗೇತ್ರಿ ಮೇಡಂ. ನಾ ಸಿಂಧನೂರಾಗ ಬಿಲ್ ಮಾಡಾಕತ್ತೀನಿ."

"ಎಲ್ಲಿಗೆ ಹೋಗ್ಯದ?"

"ಲಿಂಗಸುಗೂರಿಗೆ." ನಮ್ಮವರ ಗೆಳೆಯರ ಹೆಸರನ್ನೇ ಹೇಳಿದಳು. ಅವರ ಲೈಸೆನ್ಸಿನಲ್ಲಿ ಇವಳು ಸೂಪರ್‌ವೈಸರ್. ಒಂದೇ ಒಂದು ಸೈಟನ್ನೂ ನೋಡಿದವಳಲ್ಲ. ಇದೂ ನಮ್ಮ ಕಡೆಯ ರೂಢಿಯೇ. ಕಾಗದ ಒಂದು ಊರಲ್ಲಿ ದುಡಿಯುತ್ತದೆ, ಮನುಷ್ಯ ಇನ್ನೊಂದು ಊರಲ್ಲಿ.

ನಾನು ಬಂದ ಕಾರಣ ಹೇಳಿದೆ. ಆಕೆ ಕೇಳಿದಳು: "ನಿಮ್ಮ ಕಡೆ ಬಂದ್ರ ನನ್ನನ್ನ ಸೈಟಿಗೆ ಕರಕೊಂಡು ಹೋಗ್ತೀರೇನ್ರಿ, ಇಲ್ಲಾ ಪರ್ಮಿಟ್ ಒಂದನ್ನ?"

"ಇಬ್ಬರನ್ನೂ," ಎಂದೆ. "ಪರ್ಮಿಟ್ ಬ್ಯಾಗಿನಾಗ ಕೂಡಲಿ. ನೀ ಮುಂದಿನ ಸೀಟಿನಾಗ ಕೂಡು."

ಆಕೆ ಬರಬೇಕಾದರೆ ಲಿಂಗಸುಗೂರಿನ ಗೆಳೆಯರು ಬಿಡುಗಡೆ ಪತ್ರ ಕೊಡಬೇಕಿತ್ತು. ಫೋನ್ ಮಾಡಿದಾಗಲೆಲ್ಲ "ನಾಳೆ ವೈನಿ", "ಸೋಮವಾರ ವೈನಿ". ಕೊನೆಗೆ ಇಬ್ಬರೂ ಬಸ್ ಹತ್ತಿ ಲಿಂಗಸುಗೂರಿಗೆ ಹೋದೆವು. ನಮ್ಮನ್ನು ಒಟ್ಟಿಗೆ ನೋಡಿದವರೇ ಕನ್ನಡಕ ತೆಗೆದು ಒರೆಸಿದರು.

"ಇಡೀ ಜಿಲ್ಲಾದಾಗ ನಿಮಗ ಇಕಿ ಒಬ್ಬಾಕಿನ ಸಿಕ್ಕಳೇನ್ರಿ ವೈನಿ? ಇಕಿ ಹೋದ್ರ ನನ್ನ ಲೈಸೆನ್ಸ್ ಒಂದು ಕಾಲ ಮ್ಯಾಲ ನಿಂತಂಗ."

"ಈಗ ಎರಡು ಕಾಲ ಮ್ಯಾಲ ನಿಂತದೇನು?" ಎಂದೆ.

ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ತಪ್ಪು ತಿಳ್ಕೋಬ್ಯಾಡ್ರಿ. ನಾ ನಿಮ್ಮ ಸೂಪರ್‌ವೈಸರ್, ಖರೆ. ಆದ್ರ ನಿಮ್ಮ ಮುಖ ನಾ ಇವತ್ತು ಎರಡನೇ ಸರ್ತಿ ನೋಡಾಕತ್ತೀನಿ."

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ದೊಡ್ಡದಾಗಿ ನಕ್ಕು, ನಗು ನಿಂತ ಮೇಲೆ ತಲೆ ಕೆರೆದುಕೊಂಡರು. ಈಗ ಪರ್ಮಿಟ್ ಎಲ್ಲ ಆನ್‌ಲೈನ್, ಯಾವುದು ಎಲ್ಲಿದೆ ಎಂದು ರಾಯಚೂರಿನಲ್ಲಿ ಕೂತೇ ನೋಡುತ್ತಾರೆ ಎಂಬುದು ಅವರಿಗೂ ತಿಳಿದಿತ್ತು. ಮುದಗಲ್ಲಿನಲ್ಲಿ ರಿಟೈರ್ ಆದ ಒಬ್ಬರು ಪರ್ಮಿಟ್‌ದಾರರು ಸಿಗಬಹುದು, ಅವರು ಒಪ್ಪುವವರೆಗೆ ಕಾಯಬೇಕು ಎಂದರು. ನಾನು ಕಾದೆ. ಅವರಿಗೆ ನಷ್ಟ ಮಾಡಿ ನಮ್ಮ ಬಾಗಿಲು ತೆರೆಯುವುದು ನನಗೂ ಬೇಕಿರಲಿಲ್ಲ. ಆದರೆ ಕಾಯುವಷ್ಟರಲ್ಲಿ ಬಿಸಿಲು ಏರಿತು. ಹಾಸ್ಟೆಲಿಗೆ ಬೀಗ ಹಾಕಿಯೇ ಇತ್ತು. ನಮ್ಮ ವೈರ್‌ಮನ್‌ಗಳು ಅಂಗಡಿಯಲ್ಲಿ ಫ್ಯಾನ್ ರಿಪೇರಿ ಮಾಡುತ್ತ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು.

ಕೊನೆಗೂ ಬಿಡುಗಡೆ ಪತ್ರ ಕೈಗೆ ಬಂತು, ನನ್ನ ಅರ್ಜಿ ಹೋಯಿತು. ಅಧಿಕಾರಿ ಅಂಗಡಿ ನೋಡಲು ಬಂದ ದಿನ ನಾನು ಟೇಬಲ್ಲಿಗೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿ ಸಾಮಾನು ಜೋಡಿಸಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೊಲಿಗೆ ಪರೀಕ್ಷೆಗೆ ಹೀಗೇ ಜೋಡಿಸಲು ಕಲಿಸಿದ್ದರು. ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ನೋಡುವ ಮೆಗ್ಗರ್, ನೆಲದ ತಡೆ ಅಳೆಯುವ ಅರ್ಥ್ ಟೆಸ್ಟರ್, ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ರಬ್ಬರ್ ಗ್ಲೌಸ್. ಕೈಯಿಂದ ತಿರುಗಿಸುವ ನಮ್ಮವರ ಹಳೆಯ ಮೆಗ್ಗರನ್ನೂ ಇಟ್ಟಿದ್ದೆ. ಅಧಿಕಾರಿ ಅದನ್ನು ಎತ್ತಿ ನೋಡಿ, "ಇದಕ್ಕ ಕ್ಯಾಲಿಬ್ರೇಷನ್ ಇಲ್ಲಲ್ರಿ. ಇದನ್ನ ಹಿಡಿಯಂಗಿಲ್ಲ," ಎಂದು ಬದಿಗೆ ಸರಿಸಿದರು. ಸಿಸ್ಟರ್ ನನ್ನ ಕಸೂತಿಯನ್ನು ಬದಿಗೆ ಸರಿಸಿದಷ್ಟೇ ನೋವಾಯಿತು. ಹೊಸದಕ್ಕೆ ಅಳತೆ ನಿಖರವೆಂಬ ಸರ್ಟಿಫಿಕೇಟ್ ಇತ್ತು, ಅದು ಸಾಕಾಯಿತು.

ಆಮೇಲೆ ಹುಡುಗಿಯನ್ನು ಬಹಳ ಪ್ರಶ್ನೆ ಕೇಳಿದರು. ಆಕೆ ತೊದಲಲಿಲ್ಲ. ಕೊನೆಗೆ ನನ್ನತ್ತ ತಿರುಗಿದರು. "ನಿಮಗ ಏನು ಗೊತ್ತದ ಮೇಡಂ ಈ ಕೆಲಸದಾಗ?"

"ಏನು ಗೊತ್ತಿಲ್ಲ ಅನ್ನೋದು ಸರಿಯಾಗಿ ಗೊತ್ತದ ಸರ್. ಅದನ್ನ ಗೊತ್ತಿದ್ದವರಿಗೆ ಕೇಳಿನೇ ಸಹಿ ಹಾಕ್ತೀನಿ."

ಲೈಸೆನ್ಸ್ ಬಂದ ದಿನ ಮೇಸ್ತ್ರಿ ಬೋರ್ಡಿನ ಮೇಲಿದ್ದ ಸಾಹೇಬರ ಹೆಸರಿಗೆ ತಾನೇ ಹೊಸ ಬಣ್ಣ ಹಚ್ಚಿಸಿ, ಕೆಳಗೆ ನನ್ನ ಹೆಸರು ಬರೆಸಿದ. ನೋಡಿ ಖುಷಿಪಡುತ್ತ ಕೂಡುವ ಹೊತ್ತು ಅದಾಗಿರಲಿಲ್ಲ. ಮೇ ಅರ್ಧ ಕಳೆದಿತ್ತು. ಎಲ್ಲರೂ ಮಸ್ಕಿಗೆ ಹೊರಟೆವು.

ಕೆಲಸ ಭರಭರನೆ ಸಾಗಿತು. ಬೋರ್ಡ್ ಕೂತವು, ಸ್ನಾನದ ಮನೆಗಳಿಗೆ ಗೀಸರ್ ಲೈನ್ ಬಂತು. ಹುಡುಗಿ ಒಂದೊಂದು ಕೋಣೆಯ ವೈರನ್ನೂ ಮೆಗ್ಗರಿನಿಂದ ಪರೀಕ್ಷಿಸಿದಳು. ಉಳಿದದ್ದು ಅರ್ಥಿಂಗ್ ಒಂದೇ. ಎಲ್ಲಿಯಾದರೂ ವೈರ್ ಸುಲಿದು ಗೀಸರಿನ ಮೈಗೆ ಕರೆಂಟ್ ತಾಗಿದರೆ ಅದು ಮಕ್ಕಳ ಮೈ ಮೂಲಕ ಹೋಗದೆ ನೆಲಕ್ಕೆ ಇಳಿಯಬೇಕು. ಅದಕ್ಕೆಂದು ಗುಂಡಿ ತೋಡಿ, ಲೋಹದ ಪ್ಲೇಟ್ ಇಟ್ಟು, ಇದ್ದಿಲು ಉಪ್ಪು ತುಂಬಿ, ಒಂದು ಪಟ್ಟಿಯನ್ನು ಕಟ್ಟಡಕ್ಕೆ ಒಯ್ಯುತ್ತಾರೆ. ಆ ಗುಂಡಿಯನ್ನು ಮೇಸ್ತ್ರಿ ನಮ್ಮವರಿದ್ದಾಗಲೇ ತೋಡಿಸಿದ್ದ, ಸಿಂಧನೂರಿನಲ್ಲಿ ಹೇಗೋ ಹಾಗೆಯೇ. ನೆಲದ ತಡೆ ಕಡಿಮೆಯಿದ್ದಷ್ಟೂ ಒಳ್ಳೆಯದು, ಅದು ಐದು ಓಮ್ ಒಳಗಿರಬೇಕು ಎಂಬುದು ಈ ಕೆಲಸದ ಷರತ್ತು.

ಅಳತೆಯ ದಿನ ನಾನು ಹೋಗುವಷ್ಟರಲ್ಲಿ ಮೀಟರ್ ಮೂರು ಚಿಲ್ಲರೆ ತೋರಿಸುತ್ತಿತ್ತು. ಮೇಸ್ತ್ರಿ ಮೀಸೆ ತಿರುವುತ್ತಿದ್ದ. ಹುಡುಗಿಯ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಗುಂಡಿಯ ಬಾಯಿಗೆ ಬೊಟ್ಟು ತೋರಿಸಿದಳು. ಸುತ್ತಲ ನೆಲ ಕೆಂಡದಂತೆ ಕಾದು ಒಣಗಿದ್ದರೂ ಗುಂಡಿಯ ಸುತ್ತ ಮಾತ್ರ ಕೆಸರು.

"ಕಾಕಾ ನೀರಿನ ಟ್ಯಾಂಕರ್ ತರಿಸ್ಯಾರ್ರಿ ಮೇಡಂ," ಎಂದಳು ಮೇಸ್ತ್ರಿಯತ್ತ ನೋಡಿ.

"ತರಸ್ಲಾರ್ದ ಮತ್ತೇನ?" ಮೇಸ್ತ್ರಿಗೆ ಅದರಲ್ಲಿ ಮುಚ್ಚಿಡುವಂಥದು ಏನೂ ಕಂಡಿರಲಿಲ್ಲ. "ಟೆಸ್ಟಿಂಗ್ ಮುಂದ ಭೂಮಿತಾಯಿಗೆ ನೀರು ಕುಡಸ್ತಾರ ತಂಗಿ. ಗುಂಡಿಗೆ ನೀರು ಹಾಕಬೇಕಂತ ನಿಮ್ಮ ಪುಸ್ತಕದಾಗೂ ಐತಿ."

"ಐತ್ರಿ ಕಾಕಾ. ವರ್ಷಪೂರ್ತಿ ಹಾಕಬೇಕು ಅಂತೈತಿ. ಅಳತಿ ದಿನ ಅಷ್ಟ ಅಲ್ಲ. ನೀರು ಆರಿದ್ರ ತಡೆ ಏರ್ತೈತಿ."

"ನೀನೂ ಈಗ ಆ ಮೊಳಿಗೆ ನೀರು ಹಾಕಿದ್ಯಲ್ಲ, ಅದು ನೀರಲ್ಲೇನು?" ದೂರದಲ್ಲಿ ಹೊಡೆದಿದ್ದ ಮೀಟರಿನ ಕಬ್ಬಿಣದ ಮೊಳೆಗಳನ್ನು ತೋರಿಸಿದ.

"ಅದು ಮೀಟರಿಗೆ ನೆಲ ಹಿಡೀಲಿ ಅಂತ್ರಿ. ಅದರಿಂದ ಗುಂಡಿ ಛಲೋ ಆಗಂಗಿಲ್ಲ. ನಾ ಇದಕ್ಕ ಸಹಿ ಹಾಕಂಗಿಲ್ರಿ ಮೇಡಂ. ಇದು ಒಣಗಲಿ, ಮತ್ತ ಅಳಿಯೂಣು."

"ಸಾಹೇಬ್ರಿದ್ದಾಗ ಹಿಂಗ ಯಾರೂ ಅಂದಿಲ್ಲ," ಎಂದು ಮೇಸ್ತ್ರಿ ಟವೆಲ್ ಕೊಡವಿ ನೆರಳಿಗೆ ಹೋಗಿ ಕೂತ.

ಗುಂಡಿ ಒಣಗುವವರೆಗೆ ಕಾದು ಅಳೆದೆವು. ಮುಳ್ಳು ಇಪ್ಪತ್ತು ದಾಟಿ ನಿಂತಿತು.

ಮೇಸ್ತ್ರಿ ಮೋಸಗಾರನಲ್ಲ. ಅವನ ಕೈ ನೀರಾವರಿ ಸೀಮೆಯ ಕೈ. ಸಿಂಧನೂರು, ಬಳಗಾನೂರಿನ ಕಡೆ ಕರಿ ಎರಿ ಭೂಮಿ. ಕಾಲುವೆ ಹರಿಯುತ್ತಿದ್ದರೆ ಭತ್ತದ ಗದ್ದೆಯ ತೇವ ಕಟ್ಟಡದ ಬುಡಕ್ಕೇ ಬಂದಿರುತ್ತದೆ. ಎಲ್ಲಿ ತೋಡಿದರೂ ನೆಲ ತಾನಾಗಿಯೇ ಪಾಸು. ಮಸ್ಕಿಯ ಗುಡ್ಡದ ಮಗ್ಗುಲಲ್ಲಿ ಹಾಗಲ್ಲ. ಮೊಣಕಾಲುದ್ದ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ನಮ್ಮೂರಿನ ಗುಂಡಿಯನ್ನು ಪರವೂರಿನ ನೆಲದಲ್ಲಿ ತೋಡಿದ್ದೆವು.

ಅದೇ ಹೊತ್ತಿಗೆ ಹಾಸ್ಟೆಲ್ ವಾರ್ಡನ್ ಬಂದರು. ಹಳೆಯ ಬಾಡಿಗೆ ಕಟ್ಟಡ ಬಿಟ್ಟುಕೊಡಬೇಕಾಗಿತ್ತು, ಪಾಪ, ಅವರೂ ಹೈರಾಣಾಗಿದ್ದರು. "ಮೇಡಂ, ಲೈಟ್ ಹತ್ತಿದ್ರ ಸಾಕ್ರಿ. ಸಾಲಿ ಚಾಲೂ ಆಗೋ ಟೈಮ್ ಬಂತು. ಒಂದು ಸಹಿಗೆ ಎಷ್ಟು ತಡಾ ಮಾಡ್ತೀರಿ?"

ಮೇಸ್ತ್ರಿ ನೆರಳಿನಿಂದಲೇ ದನಿಗೂಡಿಸಿದ. "ಮಳಿ ಬಂದ್ರ ತಾನ ಬರೋಬರಿ ಆಗ್ತೈತ್ರಿ ಅವ್ವಾರ. ಸಹಿ ಮಾಡ್ರಿ."

ಎಲ್ಲರೂ ನನ್ನ ಮುಖ ನೋಡಿದರು. ಈ ಹಿಂದೆ ಇಂಥ ಹೊತ್ತಿನಲ್ಲಿ ಎಲ್ಲರೂ ನೋಡುತ್ತಿದ್ದ ಮುಖ ಬೇರೆಯದು. ನಮ್ಮವರಿದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸಲು ಹೋಗಿ, ನನಗೆ ನಿಜವಾಗಿ ಗೊತ್ತಿಲ್ಲ ಎಂಬುದು ಹೊಳೆದು, ಯೋಚನೆ ಬಿಟ್ಟೆ. ಲೈಸೆನ್ಸ್ ನನ್ನದು. ಇದು ಅದರ ಮೇಲಿನ ಮೊದಲ ರಿಪೋರ್ಟ್. ಇದನ್ನು ಕೊಡದಿದ್ದರೆ ಕಟ್ಟಡದ ಗುತ್ತಿಗೆದಾರ ಮುಂದೆ ನಮಗೆ ಕೆಲಸ ಕೊಡದಿರಬಹುದು, ಬೋರ್ಡಿನ ಹೊಸ ಬಣ್ಣ ಆರುವ ಮುಂಚೆಯೇ ಅಂಗಡಿ ಮುಚ್ಚಬಹುದು. ಕೊಟ್ಟರೆ?

"ನಿಮ್ಮ ಹುಡುಗ್ಯಾರು ಗೀಸರ್ ಹೆಂಗ ಹಚ್ಚತಾರ?" ಎಂದು ವಾರ್ಡನ್‌ರನ್ನು ಕೇಳಿದೆ.

"ಹೆಂಗಂದ್ರ? ಬಕೀಟ್ ಇಟ್ಟು, ಒದ್ದಿ ಕೈಲೆ ಟಪ್ ಅಂತ ಹಚ್ಚತಾವ. ಹೇಳಿದ್ರ ಕೇಳ್ತಾವೇನ್ರಿ ಅವು?" ಎಂದವರು ಮಾತು ನಿಲ್ಲಿಸಿದರು. ಗುಂಡಿಯ ಕಡೆ ನೋಡಿದರು, ಮತ್ತೆ ನನ್ನ ಕಡೆ. ಆಮೇಲೆ ಅವಸರ ಮಾಡಲಿಲ್ಲ.

"ಈ ಗುಂಡಿ ಬಿಟ್ಟುಬಿಡ್ರಿ," ಎಂದೆ ನಮ್ಮ ವೈರ್‌ಮನ್‌ಗಳಿಗೆ. "ಹೊಸ ಜಾಗ ಹುಡುಕೂಣು. ಒಣ ನೆಲದಾಗ ಐದರ ಒಳಗ ಬರೋತನಕ ನಾ ಸಹಿ ಹಾಕಂಗಿಲ್ಲ."

ಹುಡುಗಿ ಮೀಟರ್ ಹಿಡಿದು ಕಾಂಪೌಂಡ್ ಪೂರ್ತಿ ಸುತ್ತಿದಳು. ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ನಾಲ್ಕು ಮೊಳೆ ಹೊಡೆಯುವುದು, ಓದುವುದು, ಕಿತ್ತು ಮುಂದಿನ ಜಾಗಕ್ಕೆ ಹೋಗುವುದು. ಗುಡ್ಡದ ಕಡೆಯ ಭಾಗದಲ್ಲೆಲ್ಲ ಮೀಟರ್ ಮುನಿಸಿಕೊಂಡಿತು. ರಸ್ತೆಯ ಕಡೆಯ ತಗ್ಗಿನಲ್ಲಿ, ಹಿಂದೆಂದೋ ಮಳೆನೀರು ಮಣ್ಣು ತಂದು ತುಂಬಿದ ಕಡೆ, ಮುಳ್ಳು ಇಳಿಯಿತು. ಅಲ್ಲಿ ಪ್ಲೇಟ್ ಬೇಡ, ಬೋರ್ ಕೊರೆದು ಉದ್ದನೆಯ ರಾಡ್ ಇಳಿಸೋಣ, ಒಂದಲ್ಲ, ಕೆಲವನ್ನು ಸಾಲಾಗಿ ಇಳಿಸಿ ಪಟ್ಟಿಯಿಂದ ಕೂಡಿಸೋಣ ಎಂದಳು. ಸುತ್ತ ತುಂಬಲು ನೀರು ಹಿಡಿದಿಟ್ಟುಕೊಳ್ಳುವ ಬೆಂಟೊನೈಟ್ ಮಣ್ಣು.

ಮೊದಲ ಬೋರ್ ಬಂಡೆಗೆ ತಾಗಿ ನಿಂತಿತು. ಮೇಸ್ತ್ರಿ ಅಷ್ಟು ಹೊತ್ತು ಬೀಡಿ ಸೇದುತ್ತ ದೂರ ಕೂತಿದ್ದವನು ಎದ್ದು ಬಂದ. "ಆಕಡಿ ಸರಿ ತಂಗಿ," ಎಂದು ಕೊರೆಯುವ ಯಂತ್ರದವನಿಗೆ ತುಸು ಆಚೆ ಬೇರೆ ಜಾಗ ತೋರಿಸಿ, ತಾನೇ ಹಾರೆ ಹಿಡಿದು ನಿಂತ. ಸಿಟ್ಟು ಇಳಿದಿತ್ತೋ, ಕೆಲಸ ನೋಡಿ ಕೈ ಸುಮ್ಮನಿರಲಿಲ್ಲವೋ ನಾನು ಕೇಳಲಿಲ್ಲ. ಅಂದಿನಿಂದ ಇಬ್ಬರ ವಾಗ್ವಾದ ಕೇಳುವುದೇ ನನಗೊಂದು ಮನರಂಜನೆ. "ಕಾಕಾ, ಆ ಬೋಲ್ಟ್ ಬಿಗಿ ಮಾಡ್ರಿ." "ನೀ ಹುಟ್ಟೂಕಿಂತ ಮದಲಿಂದ ಬಿಗಿ ಮಾಡಾಕತ್ತೀನಿ ಬೇ." "ಅದಕ್ಕ ಸಡ್ಲ ಆಗೇತ್ರಿ."

ರಾಡ್‌ಗಳೆಲ್ಲ ಇಳಿದವು, ಪಟ್ಟಿ ಕೂಡಿಸಿಯಾಯಿತು. ನಾನು ಕೆಲವು ದಿನ ಸುಮ್ಮನೆ ಬಿಡಲು ಹೇಳಿದೆ. ಮಸ್ಕಿಯ ಬಿಸಿಲು ಗೊತ್ತಲ್ಲ, ಆ ಮಣ್ಣಿನ ತೇವ ಪೂರಾ ಹೀರಲಿ ಎಂದು. ಮೋಡ ಕಟ್ಟುತ್ತಿದ್ದ ದಿನಗಳವು. ಜಗತ್ತೆಲ್ಲ ಮಳೆಗೆ ಕಾಯುತ್ತಿದ್ದರೆ ನಾನೊಬ್ಬಳು, ಗಾಡ್ ಫರ್ಗಿವ್ ಮಿ, ಇನ್ನೂ ಸ್ವಲ್ಪ ತಡಿ ಎಂದು ಬೇಡಿಕೊಳ್ಳುತ್ತಿದ್ದೆ.

ಅಳತೆಯ ಬೆಳಿಗ್ಗೆ ವಿದ್ಯುತ್ ಕಂಪನಿಯ ಇಂಜಿನಿಯರ್ ಬಂದಿದ್ದರು, ವಾರ್ಡನ್ ಬಂದಿದ್ದರು. ಹುಡುಗಿ ಕಟ್ಟಡಕ್ಕೆ ಹೋಗುವ ಪಟ್ಟಿಯನ್ನು ಬಿಚ್ಚಿ, ಮೀಟರ್ ಹಚ್ಚಿದಳು. ನಾಲ್ಕಕ್ಕಿಂತ ತುಸು ಕಡಿಮೆ. ಮೊಳೆಯ ಜಾಗ ಬದಲಿಸಿ ಮತ್ತೆ ಅಳೆದಳು. ಅಷ್ಟೇ. ಇಂಜಿನಿಯರ್ ಬಗ್ಗಿ ರಾಡ್ ಇಳಿದ ಕಡೆಯ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಪುಡಿಪುಡಿಯಾಗಿ ಉದುರಿತು.

"ನೀರು ಹಾಕಿಲ್ಲೇನ್ರಿ?" ಎಂದರು, ನಂಬಲಾರದೆ.

"ಇಲ್ರೀ ಸಾಹೇಬ್ರ," ಎಂದ ಮೇಸ್ತ್ರಿ, ಇದೆಲ್ಲ ಮೊದಲಿನಿಂದ ತನ್ನದೇ ಪದ್ಧತಿ ಎಂಬಂತೆ. "ನಾವು ಒಣಾ ನೆಲದಾಗ ಅಳಿಯೋ ಮಂದಿ."

ಹುಡುಗಿ ಕೆಮ್ಮಿದಳು. ನಾನು ಮುಖ ತಿರುಗಿಸಿ ನಕ್ಕೆ. ಆಮೇಲೆ ಕಾರಿನ ಬಾನೆಟ್ ಮೇಲೆ ರಿಪೋರ್ಟ್ ಇಟ್ಟು, ಸೂಪರ್‌ವೈಸರ್ ಎಂಬಲ್ಲಿ ಅವಳು, ಕಾಂಟ್ರ್ಯಾಕ್ಟರ್ ಎಂಬಲ್ಲಿ ನಾನು ಸಹಿ ಹಾಕಿದೆವು.

ಸಿಂಧನೂರಿಗೆ ಹಿಂದಿರುಗುವಾಗ ಮೂವರೂ ಒಂದೇ ಗಾಡಿಯಲ್ಲಿದ್ದೆವು. ಹುಡುಗಿ ಓಡಿಸುತ್ತಿದ್ದಳು.  ಕಾಲುವೆ ದಾಟುವಾಗ ಮೇಸ್ತ್ರಿ ಕಿಟಕಿಯಿಂದ ಇಣುಕಿದ. ನೀರು ಬಿಡಲು ಇನ್ನೂ ತಡವಿತ್ತು, ತಳದ ಕೆಸರು ಬಿರಿದು ಕಲ್ಲು ಹಾಸಿದಂತೆ ಕಾಣುತ್ತಿತ್ತು. ಆಚೀಚೆ ಗದ್ದೆಗಳಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು.

"ಅವ್ವಾರ," ಎಂದ. "ಬಳಗಾನೂರಿನ ರೈಸ್ ಮಿಲ್ಲಿಂದು ಅರ್ಥಿಂಗ್ ನಾನ ಮಾಡಿದ್ದು. ಕಾಲುವಿ ತುಂಬಿ ಹರಿಯೋ ದಿನದಾಗ ಅಳದಿದ್ವಿ."

ಆ ರಿಪೋರ್ಟಿನ ಮೇಲೆ ನಮ್ಮವರ ಸಹಿಯಿದೆ ಎಂದು ಅವನು ಹೇಳಬೇಕಾಗಿರಲಿಲ್ಲ.

"ಈಗ ನೆಲ ಹೆಂಗೈತೋ ಏನೋ. ಮಿಲ್ಲಿನಾಗ ಹೆಣ್ಮಕ್ಕಳು ಬರಿಗಾಲಾಗ ಓಡಾಡ್ತಾರ್ರಿ." ಆಮೇಲೆ ತಾನೇ, "ಸಾಹೇಬ್ರ ಹೆಸರಿಗೆ ಕಮ್ಮಿ ಆಗ್ತದ ಅಂದ್ರ ಬ್ಯಾಡ್ರಿ," ಎಂದ.

ಹುಡುಗಿ ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಬಳಗಾನೂರಿನ ದಾರಿ ಒಡೆಯುವ ಜಾಗ ಮುಂದೆಯೇ ಇತ್ತು. ಮೀಟರ್ ನನ್ನ ಕಾಲಬಳಿ, ಮೊಳೆಗಳಿಗೆ ಮಸ್ಕಿಯ ಮಣ್ಣು ಇನ್ನೂ ಹತ್ತಿಕೊಂಡಿತ್ತು.

"ತಿರುಗಸವ್ವ," ಎಂದೆ. "ಕಾಲುವಿಗೆ ನೀರು ಬರೂದರೊಳಗ ನೋಡಿಬಿಡೂಣು."